ಹೊಲಿಗೆಯ ಅಳತೆ

ಕಮಲಾಪುರದ ನಮ್ಮ ಓಣಿಯಲ್ಲಿ ಯಾರಿಗೆ ಆಪರೇಷನ್ ಆದರೂ ಹೆಂಗಸರು ಬಾಳೆಹಣ್ಣು ಹಿಡಿದುಕೊಂಡು ಬರುತ್ತಾರೆ. ಎರಡು ಮಾತಾಡಿ, ಹೊಲಿಗೆ ತೋರಿಸು ಅನ್ನುತ್ತಾರೆ. ಗೇಣುದ್ದ ಇದ್ದರೆ ಲೊಚಗುಟ್ಟಿ, ಮೂರು ತಿಂಗಳು ಏಳಬೇಡ ಎಂದು ತಾವೇ ತೀರ್ಪು ಕೊಟ್ಟು ಹೋಗುತ್ತಾರೆ. ನನ್ನ ಗ್ರಹಚಾರ, ನನ್ನ ಗರ್ಭಕೋಶ ತೆಗೆದದ್ದು ಕಲಬುರಗಿಯಲ್ಲಿ, ರೋಬೋಟ್ ಮಷೀನಿನಿಂದ. ಡಾಕ್ಟರಮ್ಮ ಒಂದು ಕಡೆ ಕೂತು ಕೈ ಆಡಿಸಿದರೆ ಯಂತ್ರದ ಸಣ್ಣ ಕೈಗಳು ಹೊಟ್ಟೆಯೊಳಗೆ ಕೆಲಸ ಮಾಡುತ್ತವೆ. ಹೊರಗೆ ಉಳಿದದ್ದು ಉಗುರಿನಷ್ಟು ನಾಲ್ಕು ಗುರುತು.

ಅತ್ತೆ ನೋಡಿ ನಕ್ಕರು. ತಮ್ಮ ಕಾಲದ ಸಿಜೇರಿಯನ್ ಮುಂದೆ ಇದು ಸೊಳ್ಳೆ ಕಡಿದಷ್ಟೇ, ಸೊಸೆ ಸೋಗು ಹಾಕುತ್ತಿದ್ದಾಳೆ ಎಂದು ಓಣಿಗೆಲ್ಲ ಸಾರಿದರು. ಆರು ವಾರ ಭಾರ ಎತ್ತಬಾರದೆಂದು ಡಾಕ್ಟರಮ್ಮ ಹೇಳಿದ್ದರು. ಹತ್ತನೆಯ ದಿನವೇ ಅತ್ತೆ ನೀರಲ್ಲಿ ನೆನೆಸಿದ ದಪ್ಪ ಕೌದಿಗಳನ್ನು ಒಗೆಯಲು ನನ್ನ ಮುಂದೆ ಹಾಕಿದರು. ಎರಡನೆಯ ಕೌದಿ ಎತ್ತುವಾಗ ಒಳಗಿನ ಹೊಲಿಗೆ ಬಿಚ್ಚಿತು. ರಕ್ತ ನಿಲ್ಲಲಿಲ್ಲ. ಗಂಡ ಟೆಂಪೋದಲ್ಲಿ ಹಾಕಿಕೊಂಡು ಮತ್ತೆ ಕಲಬುರಗಿಗೆ ಓಡಿದ. ಜೊತೆಗೆ ಬಂದಿದ್ದ ಅತ್ತೆ ಅಲ್ಲಿ, ಬೇಡವೆಂದರೂ ಕೇಳದೆ ಇವಳೇ ಎತ್ತಿದಳು ಎಂದುಬಿಟ್ಟರು. ಡಾಕ್ಟರಮ್ಮನ ಬೈಗುಳವೆಲ್ಲ ನನ್ನ ಪಾಲಿಗೆ ಬಂತು. ಎರಡು ವರ್ಷ ಆ ಸುಳ್ಳನ್ನು ನಾನು ಒಂದು ದಿನವೂ ಮರೆಯಲಿಲ್ಲ.

ಈ ವರ್ಷ ಅತ್ತೆಗೂ ಗರ್ಭಕೋಶದಲ್ಲಿ ಗಡ್ಡೆ. ಅದೇ ಆಸ್ಪತ್ರೆ, ಅದೇ ಮಷೀನು. ಮನೆಗೆ ಕರೆತಂದ ಮೇಲೆ ನಾನು ಅವರಿಗೆ ತುಂಬಿದ ತಂಬಿಗೆಯನ್ನೂ ಎತ್ತಲು ಬಿಡಲಿಲ್ಲ. ಅಂಥ ಪಾಪ ಕಟ್ಟಿಕೊಳ್ಳುವವಳಲ್ಲ ನಾನು. ಆದರೆ ಮನೆಮನೆಗೆ ಹೋಗಿ, ಅತ್ತೆಯನ್ನು ಮಾತಾಡಿಸಿ ಬರ್ರೀ ಎಂದು ಹೆಂಗಸರನ್ನು ಕರೆದೆ.

ಎಲ್ಲರೂ ಬಂದರು. ಹೊಲಿಗೆ ಕೇಳಿದರು. ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಳೆಯೇ ರೊಟ್ಟಿ ಬಡಿಯಬಹುದಲ್ಲ ಎಂದು ಪಕ್ಕದ ಮನೆಯಾಕೆ ಅಂದಾಗ ನಗು ಎದ್ದಿತು. ಒಳಗೆ ಭಾಳ ನೋಯುತ್ತದೆ ಎಂದು ಅತ್ತೆ ಹೇಳಿದರೆ ಯಾರೂ ನಂಬಲಿಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿದರು.

"ನೀ ಹೇಳವಾ ಇವರಿಗಿ. ನಿನಗೂ ಆಗ್ಯಾದಲ್ಲ, ಒಳಗ ಹ್ಯಾಂಗ ಹಿಂಡತದ ಅಂತ ನೀನರ ಹೇಳು."

ಇಡೀ ಓಣಿಯಲ್ಲಿ ಆ ನೋವು ಗೊತ್ತಿದ್ದವಳು ನಾನೊಬ್ಬಳೇ. ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನನಗೇನ್ ಅಷ್ಟ ನೋವಾದ ನೆನಪಿಲ್ರೀ ಅತ್ತಿ," ಎಂದೆ.

ಅವರ ಕಣ್ಣು ತುಂಬಿದವು. ನಾನು ಎಲ್ಲರಿಗೂ ಚಹಾ ಇಡಲು ಎದ್ದೆ. ಆ ಎರಡು ವರ್ಷಗಳಲ್ಲಿ ಅಷ್ಟು ಹಗುರಾಗಿ ನಾನು ಎಂದೂ ಎದ್ದಿರಲಿಲ್ಲ.