ಸತ್ತವರಿಗೆ ಮಾತ್ರ ಪುಸ್ತಕ

ಹಾವೇರಿ ಇನ್ನೂ ಜಿಲ್ಲೆಯಾಗಿರದ ಕಾಲ. ಕವಿ-ಕಲಾವಿದರ ಜೀವನ ಚರಿತ್ರೆಗಳ ಮಾಲೆಯೊಂದಕ್ಕೆ ನಾನು ಊರೂರು ತಿರುಗಿ ಮಾಹಿತಿ ಕೂಡಿಸುತ್ತಿದ್ದೆ. ಅದನ್ನು ಹೊರತರುವ ಸಮಿತಿಯವರದು ಒಂದು ದರಿದ್ರ ನಿಯಮವಿತ್ತು: ಬದುಕಿದ್ದವರ ಮೇಲೆ ಪುಸ್ತಕವಿಲ್ಲ. ಬ್ಯಾಡಗಿಯ ದೊಡ್ಡಾಟದ ಕವಿಯೊಬ್ಬ ತೀರಿಕೊಂಡನೆಂದು ಕಾಗದ ಬಂತು. ಫೋಟೋ ತರಲು ಅವನ ಮನೆಗೆ ಹೋದೆ.

ನಡುಮನೆಯಲ್ಲಿ ಫೋಟೋಕ್ಕೆ ಮಾಲೆ ಹಾಕಿ, ಗಾಜಿಗೆ ಕುಂಕುಮ ಹಚ್ಚಿದ್ದರು. ಅದರ ಕೆಳಗೆ ಅದೇ ಮುಖದ ಅಜ್ಜನೊಬ್ಬ ಕೂತಿದ್ದ. ತಮ್ಮನಿರಬೇಕು ಅಂದುಕೊಂಡೆ.

"ಭಾಳ ಚಲೋ ಪದಾ ಕಟ್ಟತಿದ್ದರಿ ಅಂವಾ. ಹೇಳತೇನಿ, ಬರಕೊಳ್ರಿ," ಎಂದ.

ಅಜ್ಜಿ ನನಗೊಬ್ಬನಿಗೇ ಚಹಾ ತಂದಳು.

"ಇವರಿಗಿಲ್ಲೇನಬೇ?"

"ಸತ್ತವರಿಗೆ ಚಾ ಯಾಕ್ರಿ? ಕಾಗದಾ ಬರಸಿದವರೂ ಇವರ, ಮಾಲಿ ಹಾಕ್ಕೊಂಡವರೂ ಇವರ. ಮೂರು ದಿನಾತು, ನನ್ನ ಜೋಡಿ ಮಾತಿಲ್ಲ."

ಚಹಾ ಕೆಳಗಿಟ್ಟು ಅಜ್ಜನತ್ತ ತಿರುಗಿದೆ. ಅಜ್ಜ ಮಾತ್ರ ಕದಲಲಿಲ್ಲ.

"ಒಂದು ಪದಾನೂ ಕಾಗದದ ಮ್ಯಾಲಿಲ್ಲರಿ. ಖರೇನ ಸತ್ತ ಮ್ಯಾಲ ನಿಮಗ ಯಾರು ಹೇಳತಾರ?"

ಸಂಜೆಯತನಕ ಎಲ್ಲವನ್ನೂ ಬರೆದುಕೊಂಡೆ. ಮರಣದ ತಾರೀಖನ್ನೂ ಅವನೇ ಹೇಳಿದ.

ಪುಸ್ತಕ ಬಿಡುಗಡೆಯ ದಿನ ಅಧ್ಯಕ್ಷರು ಒಂದು ನಿಮಿಷ ಮೌನ ಆಚರಿಸಲು ಹೇಳಿದರು. ಸಭೆಯೆಲ್ಲ ಎದ್ದಿತು. ಕೊನೆಯ ಸಾಲಿನಲ್ಲಿ ಅಜ್ಜನೂ ತಲೆ ತಗ್ಗಿಸಿ ನಿಂತಿದ್ದ. ಎಲ್ಲರ ಕೈಯಲ್ಲೂ ಅವನ ಮುಖವಿದ್ದ ಪುಸ್ತಕವಿತ್ತು. ಒಬ್ಬನೂ ಅವನನ್ನು ತಿರುಗಿ ನೋಡಲಿಲ್ಲ.

ನಾನೊಬ್ಬ ಏಳಲಿಲ್ಲ. ಸತ್ತವರಿಗೂ ಮರ್ಯಾದೆ ಕೊಡದವನೆಂದು ಸಮಿತಿಯವರು ಇವತ್ತಿಗೂ ನನ್ನನ್ನು ಬೈಯುತ್ತಾರೆ.