ಯುಜಿನ್ ಅಂಕಲ್ ಚಾವಿ ಕೊಡಲಿಲ್ಲ

ಯುಜಿನ್ ಅಂಕಲ್‌ನ ಹೆಂಡತಿ ಮಾರ್ಟಿನಾ ಆಂಟಿ ತನಗೆ ಹೆಣ್ಣು ನೋಡುತ್ತಿದ್ದಾರೆಂದು ಲತೇಶ ಮೂರು ವಾರ ನಂಬಿಕೊಂಡಿದ್ದ. ನಂಬದೆ ಇನ್ನೇನು? ಗಲ್ಫಿನ ಖಲೀಫಾ ಸಿಟಿಯಲ್ಲಿದ್ದ ಅವರ ವಿಲ್ಲಾದ ಹಿತ್ತಿಲಿಗೆ ಗಾಡಿ ಕೆಲಸಕ್ಕೆಂದು ಹೋದಾಗಲೆಲ್ಲ ಆಂಟಿ ಚಹಾ ತಂದಿಟ್ಟು, "ಊರಲ್ಲಿ ಯಾರೆಲ್ಲ ಉಂಟು? ಅಮ್ಮನ ನಂಬರ್ ಕೊಡು, ಅಣ್ಣನದ್ದೂ ಕೊಡು" ಎನ್ನುತ್ತಿದ್ದರು. ಎರಡನೆಯ ವಾರ ರಕ್ತದ ಗುಂಪನ್ನೂ ಕೇಳಿದರು. ಕ್ರಿಶ್ಚಿಯನ್ನರು ಜಾತಕದ ಬದಲು ಇದನ್ನು ನೋಡುತ್ತಾರೇನೋ ಎಂದುಕೊಂಡು, ಮೂರನೆಯ ವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅತ್ತರು ಪೂಸಿಕೊಂಡು ಹೋದ. ಅಂದು ಅವನಿಗೆ ಗ್ರೀಸಿನ ಡಬ್ಬ ಹಿಡಿಯುವ ಕೆಲಸ ಸಿಕ್ಕಿತು.

ಲತೇಶನಿಗೆ ಇಪ್ಪತ್ತೇಳು. ಸಿಲಿಕಾನ್ ಓಯಸಿಸ್‌ನಲ್ಲಿರುವ ಪುರಂದರ ಶೆಟ್ಟರ ಕೇಟರಿಂಗ್ ಅಡುಗೆಮನೆಯಲ್ಲಿ ಬಿಲ್ಲು ಬರೆಯುವ ಕೆಲಸ. ಐದು ವರ್ಷದಲ್ಲಿ ಸ್ಟೂಲು ಎರಡು ಸಲ ಬದಲಾಗಿತ್ತು, ಕೆಲಸ ಬದಲಾಗಿರಲಿಲ್ಲ. ಕೊನೆಗೊಮ್ಮೆ ಶೆಟ್ಟರು, "ರುವೈಸ್ ಕಂಪನಿ ಕ್ವಾರ್ಟರ್ಸಿಗೆ ಊಟ ಕೊಡ್ಲಿಕ್ಕುಂಟು, ಮುನ್ನೂರು ಕಿಲೋಮೀಟರ್ ದಾಟಿ. ಸ್ವಂತ ಗಾಡಿಯಲ್ಲಿ ಹನ್ನೊಂದಕ್ಕೆ ಮುಟ್ಟಿಸಿದ್ರೆ ಆ ಲೈನು ನಿನ್ನದು. ಭಾನುವಾರ ಶುರು. ಆಗದಿದ್ರೆ ತಿಲಕ್ ರೆಡಿ ಇದ್ದಾನೆ" ಎಂದಿದ್ದರು. ಲತೇಶನ ಬಳಿ ಗಾಡಿಯೇನೋ ಇತ್ತು. ಊರಿಗೆ ಗಂಟುಮೂಟೆ ಕಟ್ಟಿದವರೊಬ್ಬರಿಂದ ಕೊಂಡ, ಅವನಷ್ಟೇ ವಯಸ್ಸಿನ ಪಿಕಪ್. ಲೋಡು ಹಾಕಿದರೆ ಎಂಬತ್ತು ದಾಟುತ್ತಿರಲಿಲ್ಲ. ದಾಟಿಸಹೊರಟರೆ ಕ್ಷಯ ಹಿಡಿದವರ ಹಾಗೆ ಕೆಮ್ಮುತ್ತಿತ್ತು. ಹಾಗಾಗಿ ಅವನು ಗುಜರಿಯಿಂದ ಆರು ಸಿಲಿಂಡರಿನ ಎಂಜಿನೊಂದನ್ನು ತಂದು ಯುಜಿನ್ ಡಿಸೋಜರ ಮುಂದಿಟ್ಟ.

ಮೂಡುಬೆಳ್ಳೆ ಕಡೆಯ ಯುಜಿನ್, ಗ್ಯಾರೇಜಿನ ಹೆಲ್ಪರ್ ಆಗಿ ಬಂದು ಮೂವತ್ತೆರಡು ವರ್ಷ ಕಳೆದವರು. ಈಗ ಶಾಲಾ ಬಸ್ಸುಗಳ ವರ್ಕ್‌ಶಾಪಿನ ಫೋರ್‌ಮನ್; ರಜೆಯ ದಿನ ಮನೆಯ ಹಿತ್ತಿಲಲ್ಲಿ ಪರಿಚಯದವರ ಗಾಡಿ ಕೆಲಸ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ಎಂಜಿನಿನ ಮಾತು ಕೇಳುತ್ತಿದ್ದರು. ಆದರೆ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ. ಕೆಲಸಕ್ಕೆ ಹೋಗುವುದೂ ಬಸ್ಸಿನಲ್ಲೇ. ಯಾಕೆಂದು ಕೇಳಿದರೆ, "ಹೆದರ್ಲಿಕ್ಕೆ ಡ್ರೈವರಿಗೆ ಸಂಬಳ ಕೊಡ್ತಾರೆ ಪುತಾ, ನನಗೆ ಯಾರು ಕೊಡ್ತಾರೆ?" ಎಂದು ನಗುತ್ತಿದ್ದರು. ನಗು ತುಟಿಯಲ್ಲೇ ಮುಗಿಯುತ್ತಿತ್ತು.

ಹೊಸ ಎಂಜಿನ್ ಕೂತ ದಿನ ಪಿಕಪ್ಪಿನ ಮೂತಿ ನಾಲ್ಕು ಬೆರಳು ಕೆಳಗಿಳಿಯಿತು, ನೆಲದಲ್ಲಿ ಏನನ್ನೋ ಮೂಸುವ ಪ್ರಾಣಿಯ ಹಾಗೆ. ಚಾವಿ ತಿರುಗಿಸಿದಾಗ ಹಿತ್ತಿಲಿನ ತಗಡಿನ ಮಾಡು ನಡುಗಿತು. ಲತೇಶ ಕುಣಿದ. ಯುಜಿನ್ ಕುಣಿಯಲಿಲ್ಲ. ಮಾರ್ಟಿನಾ ಆಂಟಿ ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಮಾಡಿ ಒಳಗೆ ಹೋದರು.

ಕೈ ತೊಳೆಯಲೆಂದು ಅಡುಗೆಮನೆಗೆ ಹೋದ ಲತೇಶನಿಗೆ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಹಾಳೆ ಕಂಡಿತು. ಏಳೆಂಟು ಹೆಸರು, ಊರಿನ ನಂಬರು, ರಕ್ತದ ಗುಂಪು. ಕೊನೆಯ ಹೆಸರು ಅವನದೇ.

"ಇದೆಂಥದು ಆಂಟಿ?"

"ದೊಡ್ಡ ಎಂಜಿನ್ ಹಾಕಿಸಿದವರದ್ದು. ಅಂಕಲ್‌ನ ರೂಲ್. ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡುದು ಅಂತ ಹುಡುಕುವ ಹಾಗೆ ಆಗ್ಬಾರ್ದು."

ಅತ್ತರಿನ ಖರ್ಚು ನೆನಪಾಗಿ ಲತೇಶನಿಗೆ ನಗು ಬಂತು. ಆಮೇಲೆ ತನ್ನ ಹೆಸರಿನ ಮುಂದಿದ್ದ ಅಮ್ಮನ ನಂಬರನ್ನು ಇನ್ನೊಮ್ಮೆ ಓದಿದ.

ಶನಿವಾರ ಬೆಳಿಗ್ಗೆ, ಇನ್ನೂ ಮನೆಗಳೇಳದ ಬಡಾವಣೆಯ ಖಾಲಿ ರಸ್ತೆಯಲ್ಲಿ ಪರೀಕ್ಷೆ. ಹಿಂದೆ ಹತ್ತು ಮೂಟೆ ಅಕ್ಕಿ. ಯುಜಿನ್ ರಸ್ತೆಯ ನಡುವೆ ಖಾಲಿ ನೀರಿನ ಕ್ಯಾನೊಂದನ್ನಿಟ್ಟರು. "ನೂರರಲ್ಲಿ ಬಾ. ಆ ದೀಪದ ಕಂಬದ ಹತ್ರ ಬ್ರೇಕ್ ಒತ್ತು. ಕ್ಯಾನಿನ ಈಚೆ ನಿಲ್ಬೇಕು."

ನೂರು ಎಷ್ಟು ಸುಲಭವಾಗಿ ಬಂತೆಂದರೆ ಲತೇಶ ಹಾಡು ಗುನುಗುತ್ತಿದ್ದ. ಕಂಬದ ಬಳಿ ಒತ್ತಿದ. ಮೂತಿ ಬಗ್ಗಿತು, ಹಿಂಬದಿ ಬಾಲ ಬೀಸಿತು, ಪೆಡಲು ಕಾಲಡಿಯಲ್ಲಿ ಮೆತ್ತಗಾಗುತ್ತ ಹೋಯಿತು. ಕ್ಯಾನು ಚಪ್ಪಟೆಯಾದ ಸದ್ದಾದ ಮೇಲೂ ಗಾಡಿ ಹೋಗುತ್ತಲೇ ಇತ್ತು. ಯುಜಿನ್ ಹಿಂದಿನಿಂದ ಹೆಜ್ಜೆ ಎಣಿಸುತ್ತ ಬಂದರು. "ಮೂವತ್ತೊಂದು," ಎಂದು ಕಿಟಕಿಯೊಳಗೆ ಕೈಹಾಕಿ ಚಾವಿ ಕಿತ್ತುಕೊಂಡರು. "ಖಲಾಸ್. ಓಡುವ ಎಂಜಿನ್ ಬಂತು, ನಿಲ್ಲಿಸುವ ಬ್ರೇಕ್ ಹಳೇದು. ದೊಡ್ಡ ಡಿಸ್ಕ್ ಬರ್ಬೇಕು. ಮತ್ತೆ ಟೆಸ್ಟಿಂಗ್ ಪಾಸಾಗಿ ಮುಲ್ಕಿಯಾದಲ್ಲಿ, ರಿಜಿಸ್ಟ್ರೇಶನ್ ಕಾರ್ಡಿನಲ್ಲಿ, ಹೊಸ ಎಂಜಿನ್ ನಂಬರ್ ಏರ್ಬೇಕು. ಎರಡು ವಾರ."

"ಅಂಕಲ್, ನಾಳೆ ಭಾನುವಾರ! ನಾಳೆ ಹೋಗದಿದ್ರೆ ಲೈನು ತಿಲಕನಿಗೆ!"

"ತಿಲಕ್ ಹೋಗ್ಲಿ."

"ನಿಧಾನ ಹೋಗ್ತೇನೆ ಮಾರಾಯ್ರೆ. ಎಂಬತ್ತು ದಾಟಿಸುದಿಲ್ಲ. ಅಮ್ಮನಾಣೆ!"

"ಎಂಬತ್ತರಲ್ಲಿ ಹೋಗುವವ ಆರು ಸಿಲಿಂಡರ್ ತರುದಿಲ್ಲ ಪುತಾ."

ಲತೇಶನಿಗೆ ಸಿಟ್ಟು ನೆತ್ತಿಗೇರಿತು. ಐದು ವರ್ಷದ ಸ್ಟೂಲು, ನಾಳೆಯ ಬೆಳಗು, ಎಲ್ಲ ಆ ಎಣ್ಣೆ ಮೆತ್ತಿದ ಮುಷ್ಟಿಯೊಳಗಿದ್ದವು. "ಗಾಡಿ ನನ್ನದು, ಜೀವವೂ ನನ್ನದು! ಸ್ವತಃ ಗಾಡಿ ಬಿಡ್ಲಿಕ್ಕೆ ಹೆದರುವ ನೀವು ಊರವರನ್ನೆಲ್ಲ ಯಾಕೆ ಹೆದರಿಸುದು? ಇಷ್ಟು ವರ್ಷದಲ್ಲಿ ನೀವು ಮಾಡಿಕೊಟ್ಟ ಗಾಡಿಯಲ್ಲಿ ಒಬ್ಬನಾದ್ರೂ ಸತ್ತದ್ದುಂಟಾ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಯುಜಿನ್ ಚಾವಿಯನ್ನು ಜೇಬಿಗೆ ಹಾಕಿ, ಅದರ ಗುಂಡಿ ಹಾಕಿಕೊಂಡರು.

"ಉಂಟು. ನನ್ನ ತಮ್ಮ. ಬ್ರೇಕಿನ ಕೆಲಸ ಆಗ್ಲಿಲ್ಲ ಅಂತ ಗೊತ್ತಿದ್ದೂ ಚಾವಿ ಕೊಟ್ಟದ್ದು ನಾನು."