ಸಪ್ಪಳವಿಲ್ಲದ ಶೇಂಗಾ

ಕೂಡ್ಲಿಗಿಯ ಆ ಪ್ರಾಥಮಿಕ ಶಾಲೆಯಲ್ಲಿ ಬಿಡುವಿನ ಗಂಟೆ ಬಾರಿಸುವುದು ಪಿ.ಟಿ. ಮೇಷ್ಟ್ರು ಭೀಮರಾಜ. ಆ ಗಂಟೆಗೆ ಮಕ್ಕಳಿಗಿಂತ ಹೆಚ್ಚು ಹಾತೊರೆದು ಕಾಯುವವಳು ಗೇಟಿನ ಹೊರಗೆ ಹುರಿದ ಶೇಂಗಾದ ಬುಟ್ಟಿ ಇಟ್ಟುಕೊಂಡು ಕೂರುವ ಚೌಡಕ್ಕ. ಮನೆಯಲ್ಲಿ ಜನವಿಲ್ಲವೆಂದಲ್ಲ. ಮಗ, ಸೊಸೆ, ಹಟ್ಟಿ ತುಂಬ ಕುರಿ, ಎಲ್ಲ ಇದ್ದರು. ಆದರೆ ಕುರಿಗಳು ಅವಳ ತಮಾಷೆಗೆ ನಗಬೇಕಲ್ಲ! ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಗಂಟೆ ಹೊಡೆದದ್ದೇ ತಡ, ಗೇಟಿನ ಬಳಿ ಗದ್ದಲವೋ ಗದ್ದಲ. ಚೌಡಕ್ಕ ಬದುಕಿದ್ದೇ ಆ ಗದ್ದಲಕ್ಕೆ.

ಈ ವರ್ಷ ಯಶೋಧರಾ ಮೇಡಂ ಹೊಸದಾಗಿ ಮುಖ್ಯೋಪಾಧ್ಯಾಯಿನಿಯಾಗಿ ಬಂದರು. ಬಂದು ನೋಡಿದರೆ ತರಗತಿಯಲ್ಲಿ ಎಲ್ಲೆಲ್ಲೂ ಬಣ್ಣಬಣ್ಣದ ಚಿಪ್ಸ್ ಪ್ಯಾಕೆಟ್ಟು. ಒಂದು ದಿನ ಗೇಟಿಗೆ ಬೋರ್ಡು ಬಿತ್ತು. ಓದು ಬಾರದ ಚೌಡಕ್ಕ ಭೀಮರಾಜನನ್ನು ಕೇಳಿದಳು.

"ಶಾಲಿ ಒಳಗೂ ಗೇಟಿನ ಹತ್ರಾನೂ ಕುರುಕಲು ತಿಂಡಿ ನಿಷೇಧ ಅಂತ ಬರದೈತಿ."

"ಕುರುಕಲು ಅಂದ್ರ ಏನ್ರಿ ಮಾಸ್ತರ?"

ಮೇಷ್ಟ್ರ ಬಾಯಲ್ಲಿ ಅವಳದೇ ಶೇಂಗಾ. "ಕುರುಂ ಕುರುಂ ಅಂತ ತಿಂತಾವಲ್ಲಕ್ಕಾ, ಅವು," ಎಂದು ಅಗಿಯುತ್ತಲೇ ಒಳಗೆ ಹೋದರು. ಪುಣ್ಯಾತ್ಮನಿಗೆ ತಾನು ಏನು ಹೇಳಿದೆ ಎಂಬ ಖಬರೂ ಇರಲಿಲ್ಲ.

ಚೌಡಕ್ಕ ತನ್ನ ಬುಟ್ಟಿ ನೋಡಿಕೊಂಡಳು. ಹುರಿದ ಶೇಂಗಾ ಅಗಿದರೆ ಕುರುಂ ಕುರುಂ ಅನ್ನದೆ ಇದ್ದೀತೇ? ಗೇಟು ಬಿಟ್ಟರೆ ಆ ಮಕ್ಕಳು ಎಲ್ಲಿ ಸಿಕ್ಕಾವು? ಅಂದು ಊಟ ಸೇರಲಿಲ್ಲ. ಆದರೆ ಕೈಚೆಲ್ಲಿ ಕೂರುವ ಹೆಂಗಸೇ ಅವಳು? ಮರುದಿನ ನಸುಕಿಗೇ ಎದ್ದು, ನೆನೆಹಾಕಿದ ಶೇಂಗಾಕ್ಕೆ ಉಪ್ಪು ಹಾಕಿ ಗಡಿಗೆ ತುಂಬ ಕುದಿಸಿದಳು. ಒಂದು ಕಾಳು ಬಾಯಿಗೆ ಹಾಕಿ, ಸೊಸೆ ರೇಣುಕಾಳ ಕಿವಿಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಏನರ ಕೇಳತೈತೇನ?"

"ಏನೂ ಇಲ್ಲತ್ತಿ."

"ಗೆದ್ವಿ ನಡಿ!"

ಬಿಡುವಿನ ಗಂಟೆಯಾಗುತ್ತಲೇ ಚೌಡಕ್ಕ ಬುಟ್ಟಿ ಹೊತ್ತು ಗೇಟು ದಾಟಿ ಸೀದಾ ಮೇಡಂ ಎದುರು ನಿಂತಳು. ಹಿಂದೆ ಮಕ್ಕಳ ದಂಡು. "ಮೇಡಮ್ಮಾರ, ಒಂದೀಟು ಕಿವಿ ಕೊಡ್ರಿ," ಎಂದವಳೇ ಒಂದು ಹಿಡಿ ಕಾಳು ಬಾಯಿಗೆ ಹಾಕಿ ಅಗಿಯತೊಡಗಿದಳು. ಮಕ್ಕಳೂ ಕಿವಿ ಚಾಚಿದವು. "ಸಪ್ಪಳ ಬಂತೇನ್ರಿ? ನೀವೂ ತಿಂದು ನೋಡ್ರಿ. ಇನ್ನ ನನ್ನ ಗೇಟು ಬಿಡಿಸಬ್ಯಾಡ್ರಿ."

ಮೇಡಂ ಕಕ್ಕಾಬಿಕ್ಕಿಯಾಗಿ ತಾವೂ ಒಂದು ಕಾಳು ತಿಂದರು. ಮೇಷ್ಟ್ರು ಹೇಳಿದ 'ಕುರುಂ ಕುರುಂ' ಅರ್ಥವನ್ನು ಚೌಡಕ್ಕನ ಬಾಯಿಂದ ಕೇಳಿದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಚೌಡಕ್ಕ, ನಾ ಬ್ಯಾಡ ಅಂದದ್ದು ಪ್ಯಾಕೆಟ್ ಚಿಪ್ಸಿಗೆ. ನಿಮ್ಮ ಶೇಂಗಾಕ್ಕ ಯಾರು ಬ್ಯಾಡ ಅಂದಾರ?"

ಎಲ್ಲರೂ ಭೀಮರಾಜನ ಕಡೆ ನೋಡಿದರು. ಭೀಮರಾಜ ಮಾವಿನ ಗಿಡದ ಕಡೆ ನೋಡಿದರು.

ಚೌಡಕ್ಕನಿಗೆ ಹೋದ ಜೀವ ಬಂದಂತಾಯಿತು. "ಹಂಗಾದ್ರ ನಾಳಿಗಿ ಹುರಿದದ್ದ ತರ್ತೀನಿ!"

"ಬ್ಯಾಡ! ಕುದಿಸಿದ್ದ ತಾ ಅಜ್ಜಿ!"

ಕೂಗಿದ್ದು ಒಂದನೇ, ಎರಡನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು. ಒಂದಕ್ಕೂ ಮುಂದಿನ ಹಲ್ಲಿಲ್ಲ. ಹುರಿದದ್ದು ಅಗಿಯಲಾಗದೆ ದಿನಾ ಅವಳ ಬುಟ್ಟಿಯ ಸುತ್ತ ಬರಿಗೈಯಲ್ಲಿ ನಿಲ್ಲುತ್ತಿದ್ದವು ಇವೇ. ತನ್ನ ಮಾತು ಕೇಳಲು ಬರುತ್ತವೆ ಎಂದು ಅವಳು ಬೀಗುತ್ತಿದ್ದಳು. ಈಗ ಅವು ಎರಡೂ ಕೈ ಬುಟ್ಟಿಗೆ ಹಾಕಿ ಗಬಗಬ ತಿನ್ನುತ್ತಿದ್ದವು.

ಚೌಡಕ್ಕ ಅವುಗಳ ನಡುವೆಯೇ ನೆಲಕ್ಕೆ ಕೂತಳು. ಅವಳ ಬಾಯಲ್ಲೂ ಇದ್ದದ್ದು ನಾಲ್ಕೇ ಹಲ್ಲು. ಇಷ್ಟು ವರ್ಷ ಆ ಬಿಡುವಿನಲ್ಲಿ ಬರೀ ಮಾರಿದವಳು, ಇಂದು ಮಕ್ಕಳ ಜೊತೆ ತಾನೂ ತಿಂದಳು.